ನೀವಾಗೇ ಸೈನ್ ಹಾಕಿ ಸೈಕಿಯಾಟ್ರಿ ವಾರ್ಡಿಗೆ ಅಡ್ಮಿಟ್ ಆಗೋ ಮುಂಚೆ ಇದನ್ನೊಂದ್ಸಲ ಓದಿ

ಡಿಪ್ರೆಶನ್ ಜಾಸ್ತಿಯಾಗಿ ನಾನೇ ಒಪ್ಕೊಂಡು 11 ದಿನ ಅಡ್ಮಿಟ್ ಆಗಿದ್ದೆ. ಹೋಗೋ ಹಿಂದಿನ ರಾತ್ರಿಯೆಲ್ಲಾ ಒಂದೇ ಭಯ, ಒಳಗೆ ಹೋದ್ಮೇಲೆ ಹೊರಗೆ ಬಿಡ್ತಾರೋ ಇಲ್ವೋ ಅಂತ. ಹಂಗಾಗಿ ಮೊದ್ಲು ಅದನ್ನೇ ಹೇಳ್ತೀನಿ.

ನೀವಾಗೇ ಸೇರಿದ್ರೆ ಡಿಸ್ಚಾರ್ಜ್ ಕೇಳೋ ಹಕ್ಕು ನಿಮಗಿರುತ್ತೆ. ಆದ್ರೆ ಕೇಳಿದ ತಕ್ಷಣ ಕಳಿಸ್ತಾರೆ ಅಂತಲ್ಲ, ಈಗ ಹೋದ್ರೆ ಜೀವಕ್ಕೆ ಅಪಾಯ ಅಂತ ಡಾಕ್ಟರಿಗೆ ಅನ್ಸಿದ್ರೆ ಸ್ವಲ್ಪ ಹೊತ್ತು ತಡೆದು ನೋಡೋಕೆ ಬಹಳ ಕಡೆ ಕಾನೂನಲ್ಲೇ ಅವಕಾಶ ಇದೆ, ಕೆಲವು ದೇಶದಲ್ಲಿ 24 ಗಂಟೆ, ಕೆಲವು ಕಡೆ 72 ಗಂಟೆ. ಸೈನ್ ಹಾಕೋ ಮುಂಚೆ "ನಾನು ಹೋಗ್ತೀನಿ ಅಂದ್ರೆ ಏನ್ಮಾಡ್ತೀರಾ" ಅಂತ ನೇರವಾಗೇ ಕೇಳಿ. ಫಾರಂ ಓದೋಷ್ಟು ತ್ರಾಣ ಇಲ್ದಿದ್ರೆ ಜೊತೇಲಿ ಬಂದೋರ ಹತ್ರ ಓದಿಸ್ಕೊಳ್ಳಿ.

ಬ್ಯಾಗ್ ಪೂರ್ತಿ ಚೆಕ್ ಮಾಡ್ತಾರೆ. ಬೆಲ್ಟು, ಶೂ ಲೇಸು, ಪ್ಯಾಂಟಿನ ಲಾಡಿ, ಚಾರ್ಜರ್ ವೈರು, ರೇಜರು, ಗಾಜಿನ ಬಾಟ್ಲಿ ಇವನ್ನೆಲ್ಲಾ ಎತ್ತಿಡ್ತಾರೆ. ನನಗಂತೂ ಅಳುನೇ ಬಂದಿತ್ತು, ಅದು ಎಲ್ರಿಗೂ ಇರೋ ರೂಲು ಅಂತ ಆಮೇಲೆ ಗೊತ್ತಾಯ್ತು. ಎಲಾಸ್ಟಿಕ್ ಪ್ಯಾಂಟು, ಚಪ್ಪಲಿ, ಒಂದೆರಡು ಪುಸ್ತಕ ಇಟ್ಕೊಳ್ಳಿ. ಫೋನ್ ಕೊಡದೇನೂ ಇರಬಹುದು, ಬೇಕಾದ ನಂಬರ್ ಪೇಪರಲ್ಲಿ ಬರ್ಕೊಂಡು ಹೋಗಿ, ಈಗ ತಗೋತಿರೋ ಮಾತ್ರೆಗಳ ಹೆಸ್ರು, ಡೋಸು ಕೂಡ.

ಮೊದಲ್ನೇ ದಿನ ಒಂದೇ ಕಥೆನ ಮೂರು ಜನಕ್ಕೆ ಹೇಳ್ಬೇಕಾಗುತ್ತೆ, ಸಾಕಾಗಿಹೋಗುತ್ತೆ, ಆದ್ರೂ ನಿಜಾನೇ ಹೇಳಿ. ಮುಖ್ಯವಾಗಿ ಕುಡಿಯೋ ವಿಷಯ. ದಿನಾ ಜಾಸ್ತಿ ಕುಡಿಯೋರು ಏಕ್‌ದಂ ನಿಲ್ಲಿಸಿದ್ರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಮೊದ್ಲೇ ಗೊತ್ತಿದ್ರೆ ಅದಕ್ಕೆ ಔಷಧಿ ಕೊಟ್ಟು ತಡೀತಾರೆ. ರಕ್ತನೂ ತೆಗೀತಾರೆ, ಯಾಕಂದ್ರೆ ಥೈರಾಯ್ಡ್ ಕಮ್ಮಿಯಿದ್ರೂ ಡಿಪ್ರೆಶನ್ ತರಾನೇ ಕಾಣುತ್ತೆ.

ಮೊದಲ ರಾತ್ರಿ ಕಷ್ಟ. ಹೊಸ ಜಾಗ, ಪಕ್ಕದ ಬೆಡ್ಡಲ್ಲಿ ಯಾರೋ ಗೊತ್ತಿಲ್ದೋರು, ನರ್ಸ್ ಆಗಾಗ ಬಂದು ಟಾರ್ಚ್ ಹಾಕಿ ನೋಡ್ಕೊಂಡ್ ಹೋಗ್ತಾರೆ, ಕೆಲವರನ್ನ 15 ನಿಮಿಷಕ್ಕೊಂದ್ಸಲ ನೋಡ್ತಾರೆ. ಉಸಿರಾಡ್ತಿದೀರಾ, ಸೇಫಾಗಿದೀರಾ ಅಂತ ನೋಡೋದಷ್ಟೇ.

ಆಮೇಲೆ ದಿನಗಳು ತುಂಬಾ ಬೋರು. ಹೊತ್ತು ಹೊತ್ತಿಗೆ ಊಟ, ಮಾತ್ರೆ, ಗ್ರೂಪಲ್ಲಿ ಕೂತು ಮಾತು, ನಿದ್ದೆ. ಮಾತ್ರೆ ನುಂಗಿದೀರಾ ಅಂತ ಬಾಯಿ ತೆಗೆಸಿ ನೋಡೋದೂ ಇದೆ. ಡಾಕ್ಟರ್ ರೌಂಡ್ಸಿಗೆ ಬಂದಾಗ ಸಿಗೋದು ಕೆಲವೇ ನಿಮಿಷ, ಎದುರಿಗೆ ನಿಂತಾಗ ಏನೂ ನೆನಪಾಗಲ್ಲ, ಅದಕ್ಕೆ ಪ್ರಶ್ನೆಗಳನ್ನ ಬರೆದಿಟ್ಕೊಳ್ಳಿ. ಈ ಮಾತ್ರೆ ಯಾಕೆ, ಸೈಡ್ ಎಫೆಕ್ಟ್ ಏನು, ಬೇಡ ಅಂದ್ರೆ ಬೇರೆ ಏನಿದೆ.

ಪೂರ್ತಿ ಹುಷಾರಾಗಿ ಬರ್ತೀನಿ ಅಂತ ಮಾತ್ರ ಅನ್ಕೋಬೇಡಿ. ಡಿಪ್ರೆಶನ್ ಮಾತ್ರೆ ಕೆಲಸ ಶುರು ಮಾಡೋಕೇ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಪರಿಣಾಮ ಕಾಣೋಕೆ ಇನ್ನೂ ಜಾಸ್ತಿ, ಅಷ್ಟರೊಳಗೆ ಎಷ್ಟೋ ಜನ ಮನೆಗೆ ಹೋಗಿರ್ತಾರೆ. ಅಡ್ಮಿಟ್ ಮಾಡ್ಕೊಳ್ಳೋದು ಮುಖ್ಯವಾಗಿ ಆ ಅಪಾಯದ ದಿನಗಳನ್ನ ದಾಟಿಸೋಕೆ. ನಾನು ಬರೋವಾಗ ನಿದ್ದೆ ಸರಿಹೋಗಿತ್ತು, ಸಾಯಬೇಕು ಅನ್ನೋ ಯೋಚನೆ ಕಮ್ಮಿಯಾಗಿತ್ತು, ಖುಷಿಯೇನೂ ಇರಲಿಲ್ಲ.

ಮನೆಗೆ ಬಂದ ಮೊದಲ ಕೆಲವು ವಾರ ತುಂಬಾ ಸೂಕ್ಷ್ಮ, ರಿಸ್ಕ್ ಮತ್ತೆ ಜಾಸ್ತಿಯಾಗೋ ಸಮಯ. ಅದಕ್ಕೆ ಒಂದು ವಾರದೊಳಗಿನ ಅಪಾಯಿಂಟ್‌ಮೆಂಟ್ ಕೈಯಲ್ಲಿಲ್ದೆ ಹೊರಡಬೇಡಿ. ಡಿಸ್ಚಾರ್ಜ್ ಸಮರಿ ಇಸ್ಕೊಳ್ಳಿ, ಮಾತ್ರೆ ಡಬ್ಬಿ ಸ್ವಲ್ಪ ದಿನ ಮನೇಲಿ ಇನ್ನೊಬ್ಬರ ಹತ್ರ ಇರ್ಲಿ, ಮತ್ತೆ ಆ ಯೋಚನೆ ಶುರುವಾದ್ರೆ ರಾತ್ರಿ ಎರಡು ಗಂಟೆಗೂ ಫೋನ್ ಎತ್ತೋರು ಯಾರು ಅಂತ ವಾರ್ಡಿಂದ ಹೊರಡೋ ಮುಂಚೆನೇ ಅವ್ರನ್ನ ಕೇಳಿ ಒಪ್ಪಿಸ್ಕೊಂಡಿರಿ.