ಮಲಯಾಳಂ ಮೂಲ, ತಮಿಳು ಮಸಾಲೆ: ಎರಡನ್ನೂ ಜೊತೆಗಿಟ್ಟು ನೋಡುವ ಕ್ರಮ

ರೀಮೇಕ್ ಚಿತ್ರದ ಮಾತು ಬಂದಾಗ ‘ಮೂಲವೇ ಚೆನ್ನ’ ಎಂದು ಹೇಳಿ ಕೈತೊಳೆದುಕೊಳ್ಳುವುದು ರೂಢಿಯಾಗಿದೆ. ಬಹಳ ಸಲ ಅದು ನಿಜವೂ ಹೌದು; ಆದರೆ ಅಷ್ಟಕ್ಕೇ ನಿಂತರೆ ಒಂದು ಸಂಜೆಯ ಚರ್ಚೆಯೂ ಸಾಗುವುದಿಲ್ಲ, ಒಂದು ಪುಟದ ಲೇಖನವೂ ಹುಟ್ಟುವುದಿಲ್ಲ. ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ, ಹಳ್ಳಿಯ ಪ್ರೇಕ್ಷಕರ ಮುಂದೆ ಜಗತ್ತಿನ ಚಿತ್ರಗಳನ್ನು ತಂದಿಟ್ಟ ಜಿಲ್ಲೆ ನಮ್ಮದು. ಮಸಾಲೆ ಚಿತ್ರವೂ ಅಂಥದೇ ಶ್ರದ್ಧೆಯ ನೋಟಕ್ಕೆ ಅರ್ಹವೆಂಬ ನಂಬಿಕೆಯಿಂದ, ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಡೆಯ ಕಾಲೇಜು ಗುಂಪುಗಳಿಗೂ ಓದುಗರ ಬಳಗಗಳಿಗೂ ಉಪಯೋಗವಾಗಲೆಂದು ಈ ಕ್ರಮವನ್ನು ಬರೆದಿದ್ದೇನೆ. ಉದಾಹರಣೆಗೆ ಆರಿಸಿಕೊಂಡಿರುವುದು ಪ್ರಿಯದರ್ಶನ್ ನಿರ್ದೇಶಿಸಿದ ಮಲಯಾಳಂ ಚಿತ್ರ ‘ತೇನ್ಮಾವಿನ್ ಕೊಂಬತ್ತ್’ (1994) ಮತ್ತು ಅದನ್ನು ಆಧರಿಸಿ ಕೆ.ಎಸ್. ರವಿಕುಮಾರ್ ಮಾಡಿದ, ರಜನೀಕಾಂತ್ ನಾಯಕರಾಗಿದ್ದ ತಮಿಳಿನ ‘ಮುತ್ತು’ (1995).

ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಿ. ಅಡಿಕೆ ಕೊಯ್ಲಿನ ದಿನಗಳಲ್ಲಿ ಯಾರೂ ಸಿಗುವುದಿಲ್ಲ. ಆಷಾಢದ ಮಳೆಯಲ್ಲಿ ಜನ ಬಂದರೂ ತಗಡಿನ ಮಾಡಿನ ಕೆಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ, ಕರೆಂಟಿನ ಭರವಸೆಯಂತೂ ಮೊದಲೇ ಇಲ್ಲ. ಮಾಘ, ಫಾಲ್ಗುಣಗಳು ಅನುಕೂಲ. ಮನೆಯ ಬಳಕೆಗೆಂದು ಚಂದಾ ಕಟ್ಟಿ ಪಡೆದ ಚಿತ್ರವನ್ನು ಸಭಾಭವನದಲ್ಲಿ ಹತ್ತಾರು ಜನರಿಗೆ ತೋರಿಸಬೇಕಾದರೆ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕುದಾರರ ಅನುಮತಿ ಬೇಕಾಗುತ್ತದೆ. ಆದ್ದರಿಂದ ಎಲ್ಲರೂ ತಮ್ಮ ತಮ್ಮ ಮನೆಗಳಲ್ಲಿ ನೋಡಿ, ಚರ್ಚೆಗೆ ಮಾತ್ರ ಒಂದೆಡೆ ಸೇರುವುದು ಸರಳವೂ ಸರಿಯೂ ಆದ ದಾರಿ.

ಭಾಷೆಯ ತೊಡಕಿಗೆ ಅಡಿಬರಹಗಳಿಗಿಂತ ಮೇಲಾದ ಪರಿಹಾರ ನಮ್ಮ ನೆರೆಯಲ್ಲೇ ಇದೆ. ಕಬ್ಬಿಣದ ಕಾರ್ಖಾನೆ ಬೆಳೆದ ಭದ್ರಾವತಿಯಲ್ಲಿ ತಮಿಳು ಮನೆಮಾತಾಗಿರುವ ಕುಟುಂಬಗಳು ಬಹಳ. ನರಸಿಂಹರಾಜಪುರದ ಸುತ್ತ ಕೇರಳದಿಂದ ಬಂದು ನೆಲೆಸಿದವರಿದ್ದಾರೆ. ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಚರ್ಚೆಗೆ ಕರೆಯಿರಿ. ಅಡಿಬರಹವು ಮಾತಿನ ಅರ್ಥವನ್ನು ಕೊಡುತ್ತದೆ. ಆ ಮಾತಿಗೆ ಥಿಯೇಟರಿನಲ್ಲಿ ಏಕೆ ಶಿಳ್ಳೆ ಬಿತ್ತೆಂಬುದನ್ನು ಅವರೇ ಹೇಳಬೇಕು.

ಇನ್ನು ನೋಡುವ ಅನುಕ್ರಮ. ಇಲ್ಲಿ ನನ್ನ ಅಭಿಪ್ರಾಯ ರೂಢಿಗೆ ವಿರುದ್ಧವಾದುದು: ರೀಮೇಕನ್ನು ಮೊದಲು ನೋಡಿ, ಮೂಲವನ್ನು ಆಮೇಲೆ ನೋಡಿ. ಮೂಲವನ್ನು ಮೊದಲು ನೋಡಿದವರಿಗೆ ತಮಿಳು ಚಿತ್ರದಲ್ಲಿ ಬರೀ ಗದ್ದಲವೇ ಕೇಳಿಸುತ್ತದೆ, ಅದು ತನ್ನ ಪ್ರೇಕ್ಷಕರನ್ನು ಹಿಡಿದಿಟ್ಟ ಬಗೆ ಕಣ್ಣಿಗೆ ಬೀಳುವುದಿಲ್ಲ. ‘ಮುತ್ತು’ 1998ರಲ್ಲಿ ಜಪಾನಿನಲ್ಲಿ ತೆರೆಕಂಡು, ತಮಿಳಿನ ಗಂಧವೇ ಇಲ್ಲದ ಪ್ರೇಕ್ಷಕರನ್ನೂ ಗೆದ್ದಿತು. ಅಂಥ ಚಿತ್ರವನ್ನು ನೋಡುವ ಮೊದಲೇ ಕೀಳೆಂದು ತೀರ್ಮಾನಿಸಿ ಕೂರುವುದು ನ್ಯಾಯವಲ್ಲ.

ನೋಡುವಾಗ ಒಂದು ನೋಟ್‌ಬುಕ್ಕನ್ನು ಬಳಿಯಲ್ಲಿಟ್ಟುಕೊಂಡು, ಬಲಪುಟದಲ್ಲಿ ಮಾತ್ರ ‘ಮುತ್ತು’ವಿನ ದೃಶ್ಯಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಎಡಪುಟವನ್ನು ಖಾಲಿ ಬಿಡಿ. ಕೆಲವು ದಿನ ಕಳೆದು ಮೂಲವನ್ನು ನೋಡುವಾಗ, ಹೊಂದುವ ದೃಶ್ಯ ಬಂದಂತೆಲ್ಲ ಅದರ ಎದುರಿನ ಎಡಪುಟದಲ್ಲಿ ಗುರುತು ಹಾಕುತ್ತ ಹೋಗಿ. ಕೊನೆಗೆ ಎಡಪುಟದಲ್ಲಿ ಖಾಲಿ ಉಳಿದ ಜಾಗಗಳೇ ನಿಮ್ಮ ಚರ್ಚೆಯ ವಸ್ತು. ಒಂದೇ ಪ್ರಸಂಗವನ್ನು ಎರಡು ಮೇಳಗಳು ಆಡಿದಾಗ ನಮ್ಮ ಯಕ್ಷಗಾನ ಪ್ರೇಕ್ಷಕರು ಕಥೆ ಏನಾಯಿತೆಂದು ಕೇಳುವುದಿಲ್ಲ, ಯಾವ ಪದ್ಯವನ್ನು ಬೆಳೆಸಿದರು, ಯಾವ ವೇಷದ ಪ್ರವೇಶಕ್ಕೆ ಹೆಚ್ಚು ಹೊತ್ತು ಕೊಟ್ಟರು ಎಂದು ಕೇಳುತ್ತಾರೆ. ಇಲ್ಲಿ ಬೇಕಾದುದೂ ಅದೇ ಕಣ್ಣು.

ಸಣ್ಣ ಬದಲಾವಣೆಗಳಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅವುಗಳ ಬಗ್ಗೆ ಎಲ್ಲರೂ ಸಂಕೋಚವಿಲ್ಲದೆ ಬಾಯಿಬಿಡುತ್ತಾರೆ. ಮೂಲದಲ್ಲಿ ಮೋಹನ್‌ಲಾಲ್ ಹೊಡೆಯುವುದು ಎತ್ತಿನ ಗಾಡಿ. ತಮಿಳಿನಲ್ಲಿ ಅದು ಕುದುರೆ ಗಾಡಿಯಾಗಿದೆ. ತಾರೆಯ ಪ್ರವೇಶಕ್ಕೆ ವೇಗ ಬೇಕು, ಎತ್ತಿನಿಂದ ಅದು ಸಾಧ್ಯವಿಲ್ಲ. ಕಥಾನಾಯಕ ಮತ್ತು ನಾಯಕಿ ದಾರಿ ತಪ್ಪಿ ಭಾಷೆ ತಿಳಿಯದ ಊರನ್ನು ಸೇರುವ ಪ್ರಸಂಗ ಎರಡರಲ್ಲೂ ಇದೆ: ಮಲಯಾಳಂ ಚಿತ್ರದಲ್ಲಿ ಅದು ಕನ್ನಡ ಮಾತನಾಡುವ ಊರು, ತಮಿಳು ಚಿತ್ರದಲ್ಲಿ ಮಲಯಾಳಂ ಮಾತನಾಡುವ ಊರು. ನಗುವಿಗೆ ಬೇಕಾದ ಪರಕೀಯರನ್ನು ಪ್ರತಿಯೊಬ್ಬರೂ ಗಡಿಯಾಚೆಯಿಂದಲೇ ತರಿಸಿಕೊಂಡಿದ್ದಾರೆ. ನಮ್ಮ ಜನರ ವೇಷ, ಮುಂಡಾಸು, ಮಾತಿನ ಧಾಟಿ ಮಲಯಾಳಿಗಳ ಕಣ್ಣಿಗೆ ಹೇಗೆ ಕಂಡಿವೆ ಎಂದು ಕನ್ನಡಿಗರ ಗುಂಪು ವಿಚಾರಿಸತೊಡಗಿದರೆ ಅರ್ಧ ಗಂಟೆ ಸರಿದದ್ದೇ ತಿಳಿಯುವುದಿಲ್ಲ. ಮೂಲದ ಛಾಯಾಗ್ರಹಣಕ್ಕಾಗಿ ಕೆ.ವಿ. ಆನಂದ್ ಅವರಿಗೂ ಕಲಾ ನಿರ್ದೇಶನಕ್ಕಾಗಿ ಸಾಬು ಸಿರಿಲ್ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿತ್ತೆಂಬುದನ್ನು ನೆನಪಿನಲ್ಲಿಟ್ಟು ಆ ದೃಶ್ಯಗಳನ್ನು ಇನ್ನೊಮ್ಮೆ ನೋಡಿ.

ಆಮೇಲೆ ದೊಡ್ಡ ಬದಲಾವಣೆಗೆ ಬನ್ನಿ. ಸಮಯದ ಬಹುಪಾಲನ್ನು ಇದಕ್ಕೇ ಮೀಸಲಿಡಬೇಕು. ಮೂಲದ ಮಾಣಿಕ್ಯನ್ (ಮೋಹನ್‌ಲಾಲ್), ಶ್ರೀಕೃಷ್ಣನ್ ಎಂಬ ಜಮೀನುದಾರನ (ನೆಡುಮುಡಿ ವೇಣು) ಆಳು, ಅವನಿಗೆ ತಮ್ಮನಿದ್ದಂತೆ. ಇಬ್ಬರೂ ಒಬ್ಬಳೇ ಹೆಣ್ಣನ್ನು (ಶೋಭನಾ) ಬಯಸಿದಾಗ ಹುಟ್ಟುವ ಬಿರುಕೇ ಅಲ್ಲಿನ ಕಥೆ, ಮತ್ತು ಅದು ಅವರವರ ನಡುವೆಯೇ ತೀರುವ ಜಗಳ. ತಮಿಳಿನ ಮುತ್ತು ಕೂಡ ಶರತ್ ಬಾಬು ಅಭಿನಯಿಸಿರುವ ರಾಜಾ ಎಂಬ ಜಮೀನ್ದಾರನ ಆಳು, ಅಲ್ಲಿಯೂ ನಾಟಕದ ಹುಡುಗಿಯೊಬ್ಬಳಿದ್ದಾಳೆ (ಮೀನಾ). ಆದರೆ ದ್ವಿತೀಯಾರ್ಧದಲ್ಲಿ ಮೂಲದಲ್ಲಿಲ್ಲದ ಹಿಂದಿನ ಕಥೆಯೊಂದು ತೆರೆದುಕೊಳ್ಳುತ್ತದೆ: ಆಸ್ತಿಯನ್ನೆಲ್ಲ ದಾಯಾದಿಗೆ ಬಿಟ್ಟು ಬರಿಗೈಯಲ್ಲಿ ಹೊರಟುಹೋದ ದೊಡ್ಡ ಜಮೀನ್ದಾರನ ಮಗನೇ ಈ ಮುತ್ತು. ತಂದೆ, ಮಗ ಎರಡೂ ಪಾತ್ರ ರಜನೀಕಾಂತರದೇ. ಒಡೆಯ ಯಾರು, ಆಳು ಯಾರು ಎಂಬುದೇ ನಾಯಕನ ಪ್ರವೇಶದ ಹಾಡಿನ ವಸ್ತುವಾಗಿರುವುದು ಆಗ ಹೊಸದಾಗಿ ಅರ್ಥವಾಗುತ್ತದೆ.

ಈ ಸೇರ್ಪಡೆ ಯಾರಿಗೆ ಬೇಕಿತ್ತು ಎಂದು ಗುಂಪನ್ನು ಕೇಳಿ. ಸುಲಭದ ಉತ್ತರ ತಾರೆಗೆ ಎಂಬುದು. 1995ರ ತಮಿಳುನಾಡಿನಲ್ಲಿ ರಜನೀಕಾಂತ್ ರಾಜಕೀಯಕ್ಕೆ ಬರುವರೇ ಎಂಬ ಕುತೂಹಲವಿತ್ತು, ಅಧಿಕಾರವನ್ನು ತೊರೆದು ನಡೆಯುವ ತಂದೆಯ ಪಾತ್ರ ಆ ಕುತೂಹಲಕ್ಕೆ ಎಣ್ಣೆ ಹೊಯ್ದಿತು. ಆದರೆ ಮಲೆನಾಡಿನ ಪ್ರೇಕ್ಷಕರು ಅಲ್ಲಿಗೇ ನಿಲ್ಲಬೇಕಾಗಿಲ್ಲ. ಗೇಣಿ ಭತ್ತ ಅಳೆಯುವ ಕೊಳಗದ ತಕರಾರಿನಿಂದ ಹೊತ್ತಿಕೊಂಡು, 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದದ್ದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಇದೇ ಸಾಗರ ಸೀಮೆಯಲ್ಲಿ. ಉಳುವವನೇ ಹೊಲದೊಡೆಯ ಎಂಬ ಮಾತನ್ನು ಅಜ್ಜನ ಬಾಯಿಂದ ಕೇಳಿ ಬೆಳೆದವರ ಮುಂದೆ, ದುಡಿಯುವವನಿಗೆ ಮರ್ಯಾದೆ ಸಿಗಬೇಕಾದರೆ ಅವನು ಹುಟ್ಟಿನಿಂದಲೇ ಒಡೆಯನಾಗಿರಬೇಕು ಎನ್ನುವ ಕಥೆಯನ್ನು ಇಟ್ಟರೆ ಅವರು ಏನೆನ್ನುತ್ತಾರೆ? ಗೇಣಿ ಮಾಡಿದ ಮನೆಯವರೂ ಗೇಣಿಗೆ ಕೊಟ್ಟ ಮನೆಯವರೂ ಒಂದೇ ಕೋಣೆಯಲ್ಲಿ ಕುಳಿತಿರುವ ಸಂಭವವಿರುವುದರಿಂದ, ಚರ್ಚೆ ನಡೆಸುವವರು ಮಾತನ್ನು ತೆರೆಯ ಮೇಲಿನ ದೃಶ್ಯಕ್ಕೆ ಮತ್ತೆ ಮತ್ತೆ ಎಳೆದು ತರಬೇಕು. ಮೂಲ ಚಿತ್ರ ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ, ಅಲ್ಲಿ ಆಳು ಆಳಾಗಿಯೇ ಉಳಿದು ಪ್ರೀತಿ ಪಡೆಯುತ್ತಾನೆ. ಅದನ್ನು ಹೆಚ್ಚಿನ ಔದಾರ್ಯವೆನ್ನಬೇಕೋ ಹೆಚ್ಚಿನ ಜಾಣಮೌನವೆನ್ನಬೇಕೋ ಎಂಬಲ್ಲಿ ಗುಂಪು ಎರಡಾಗದಿದ್ದರೆ ಯಾರೋ ಚಿತ್ರವನ್ನು ಪೂರ್ತಿ ನೋಡಿಲ್ಲವೆಂದೇ ತಿಳಿಯಿರಿ.

ಹಾಡು, ಹಾಸ್ಯ, ಹೊಡೆದಾಟಗಳ ತುಲನೆಗೆ ಹೆಚ್ಚು ಹೊತ್ತು ಬೇಡ. ‘ಮುತ್ತು’ವಿನ ಎ.ಆರ್. ರೆಹಮಾನ್ ಅವರ ಹಾಡುಗಳ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿರುತ್ತದೆ, ಅದು ಚರ್ಚೆಯನ್ನು ನುಂಗಿಬಿಡುತ್ತದೆ.

ಲೇಖನ ಬರೆಯುವವರು ಕಥಾಸಾರವನ್ನು ಮೂರು ವಾಕ್ಯಕ್ಕೆ ಮಿತಿಗೊಳಿಸಿ, ಎಡಪುಟದ ಖಾಲಿ ಜಾಗಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಅದರ ಬಗ್ಗೆಯೇ ಬರೆಯಬೇಕು. ನಟರ, ತಂತ್ರಜ್ಞರ ಹೆಸರುಗಳನ್ನು ನೆನಪಿನಿಂದ ಬರೆಯದೆ ಚಿತ್ರದ ಶೀರ್ಷಿಕೆಗಳನ್ನು ನೋಡಿ ತಾಳೆಹಾಕಿಕೊಳ್ಳಿ. ವಿಷ್ಣುವರ್ಧನ್ ಮತ್ತು ರವಿಚಂದ್ರನ್ ಅಭಿನಯದ ಕನ್ನಡದ ‘ಸಾಹುಕಾರ’ (2004) ಇದೇ ಕಥೆಯ ಇನ್ನೊಂದು ರೂಪವಾದುದರಿಂದ, ಆಸಕ್ತರು ಅದಕ್ಕೊಂದು ಮೂರನೆಯ ಅಂಕಣವನ್ನು ತೆರೆಯಬಹುದು.

ಮುಂದಿನ ಸರದಿಗೆ ‘ಮಣಿಚಿತ್ರತ್ತಾಳ್’ (1993), ‘ಆಪ್ತಮಿತ್ರ’ (2004) ಮತ್ತು ‘ಚಂದ್ರಮುಖಿ’ (2005) ಒಳ್ಳೆಯ ಆಯ್ಕೆ; ಕೊನೆಯ ಎರಡಕ್ಕೂ ಪಿ. ವಾಸು ಅವರೇ ನಿರ್ದೇಶಕರು, ಹಾಗಾಗಿ ಮಲಯಾಳಂ ಕಥೆ ತಮಿಳಿನ ಮಸಾಲೆಯಾಗುವ ಮೊದಲು ಕನ್ನಡದಲ್ಲಿ ಎಷ್ಟು ಹದಗೊಂಡಿತ್ತೆಂದು ಪರಿಶೀಲಿಸಬಹುದು. ಆಗಲೂ ತಮಿಳು ಚಿತ್ರದಿಂದಲೇ ಆರಂಭಿಸಿ, ಕನ್ನಡದ್ದನ್ನು ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ನಮ್ಮವರಿಗೆ ಅದರ ಸಂಭಾಷಣೆ ಬಾಯಿಪಾಠವಾಗಿರುತ್ತದೆ.