20ನೇ ತಾರೀಖಿನ ದಮ್ಮು

ಹುಬ್ಬಳ್ಳಿಯಲ್ಲಿ ನನ್ನದು ಟ್ಯಾಕ್ಸ್ ಕನ್ಸಲ್ಟೆಂಟ್ ಕೆಲಸ. ಸಣ್ಣ ಆಫೀಸು, ಇಬ್ಬರು ಹುಡುಗರು, ಕಪಾಟಿನ ತುಂಬ ಹಳೇ ಫೈಲು. ಅಸ್ತಮಾ ಚಿಕ್ಕಂದಿನಿಂದಲೂ ಇದೆ. ನಮ್ಮ ಕಡೆ ದಮ್ಮು ಅಂತಾರೆ. ಧೂಳು, ಚಳಿಗಾಲದ ಮಂಜು, ಬ್ಯಾಡಗಿ ಮೆಣಸಿನಕಾಯಿ ಹುರಿಯುವ ಘಾಟು, ಗಣಪತಿ ಹಬ್ಬದ ಪಟಾಕಿ ಹೊಗೆ, ಇವು ಯಾವೂ ನನಗೆ ಆಗಿಬರುವುದಿಲ್ಲ. ಅದು ಗೊತ್ತಿದ್ದದ್ದೇ. ಆದರೆ ಧೂಳು, ಹೊಗೆ ಏನೂ ಇಲ್ಲದಿದ್ದರೂ ತಿಂಗಳು ತಿಂಗಳು 18ರಿಂದ 20ರ ನಡುವೆ ಎದೆ ಬಿಗಿಯುತ್ತಿತ್ತು. 20 ಅಂದರೆ ಜಿಎಸ್‌ಟಿಆರ್-3ಬಿ, ಅಂದರೆ ಜಿಎಸ್‌ಟಿಯ ತಿಂಗಳ ರಿಟರ್ನ್ ತುಂಬುವ ಕೊನೇ ದಿನ. ಪೋರ್ಟಲ್ ತಿರುಗುತ್ತಲೇ ಇರುತ್ತದೆ, ಒಟಿಪಿ ಬರುವುದಿಲ್ಲ, ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ನಡುವೆ ಫೋನು: "ಸರ್ರ, ನಮ್ದು ಫೈಲ್ ಆತೇನ್ರಿ?"

ಮನೆಯಲ್ಲಿ ಎರಡು ಅಭಿಪ್ರಾಯ. ಹೆಂಡತಿಯದು, "ಟೆನ್ಷನ್ ತಗೋಬ್ಯಾಡ್ರಿ ಅಂದ್ರ ಕೇಳೂದಿಲ್ಲ ನೀವು." ಅವ್ವನದು, ಮೃಗಶಿರಾ ಮಳೆ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನಿನ ಔಷಧ ನುಂಗಿ ಬಾ ಅಂತ. ಮೀನಿನ ವಿಷಯ ಬಿಡಿ. ಟೆನ್ಷನ್ ತಗೋಬೇಡ ಅನ್ನುವ ಸಲಹೆ ಇದೆಯಲ್ಲ, ಅದರಷ್ಟು ಟೆನ್ಷನ್ ಕೊಡುವುದು ಬೇರೆ ಇಲ್ಲ. ಅದರೊಳಗೆ ಇನ್ನೊಂದು ಮಾತು ಅಡಗಿರುತ್ತದೆ: ಇದೆಲ್ಲ ನಿನ್ನ ಮನಸ್ಸಿನದ್ದು, ನಿಜವಾದ ರೋಗ ಅಲ್ಲ. ಅದು ಸುಳ್ಳು. ಮಿದುಳಿನಿಂದ ಶ್ವಾಸನಾಳದ ತನಕ ವೇಗಸ್ ಅನ್ನುವ ನರ ಇಳಿದಿದೆ. ಅದು ಚುರುಕಾದಾಗ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಮೊದಲೇ ಊದಿಕೊಂಡ ನಾಳ ಅಷ್ಟಕ್ಕೇ ಇಕ್ಕಟ್ಟಾಗುತ್ತದೆ. ಶುರುವಾದದ್ದು ಚಿಂತೆಯಿಂದಲೇ ಇರಬಹುದು, ಬಿಗಿದದ್ದು ಮಾತ್ರ ನಿಜವಾದ ನಾಳ.

ತೊಂದರೆ ಏನೆಂದರೆ, ಗಾಬರಿಯೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಎದೆ ಬಿಗಿತ, ಉಸಿರು ಸಾಲದ ಭಾವ, ಡವಡವ. ಮೇಲಿಂದ ನೀಲಿ ಪಂಪು, ಅಂದರೆ ದಮ್ಮು ಎದ್ದಾಗ ಎಳೆಯುವ ನೀಲಿ ಇನ್‌ಹೇಲರ್, ಹೊಡೆದರೆ ಅದರಲ್ಲಿರುವ ಸಾಲ್ಬುಟಮಾಲ್‌ಗೂ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಹೊಡೆದುಕೊಂಡರೆ ಗಾಬರಿ ಇನ್ನೂ ಜಾಸ್ತಿ. ಗಾಬರಿಯಾದರೆ ಮತ್ತೊಂದು ಪಫ್. ಈ ಸುತ್ತಿನಿಂದ ಹೊರಬರಲು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಪ್ಲಾಸ್ಟಿಕ್ ಕೊಳವೆ, ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ಅಳೆಯುವ ಪೀಕ್ ಫ್ಲೋ ಮೀಟರ್. ಕರೆಂಟು ಬೇಡ, ಸೆಲ್ಲು ಬೇಡ. ಮುಳ್ಳನ್ನು ಸೊನ್ನೆಗೆ ಇಳಿಸಿ, ನಿಂತುಕೊಂಡು, ಎದೆ ತುಂಬ ಉಸಿರು ತಗೊಂಡು, ತುಟಿ ಬಿಗಿ ಹಿಡಿದು, ಒಂದೇ ಸಲಕ್ಕೆ ಜೋರಾಗಿ ಊದಬೇಕು. ಮೂರು ಸಲ ಊದಿ ಅದರಲ್ಲಿ ದೊಡ್ಡದನ್ನು ಬರೆದುಕೊಳ್ಳಬೇಕು. ಆರಾಮಾಗಿದ್ದಾಗ ಎರಡು ವಾರ ಬೆಳಿಗ್ಗೆ ಸಂಜೆ ಊದಿಸಿ, ನನ್ನ ಅತಿ ಒಳ್ಳೆಯ ರೀಡಿಂಗ್ 480 ಅಂತ ಡಾಕ್ಟರು ಗುರುತು ಹಾಕಿಕೊಟ್ಟರು. ಅದರ ಶೇಕಡಾ 80, ಅಂದರೆ 384ರ ಮೇಲಿದ್ದರೆ ಹಸಿರು. 240ರ ತನಕ ಹಳದಿ. ಅದಕ್ಕಿಂತ ಕೆಳಗೆ ಕೆಂಪು. ಈ ಲೆಕ್ಕ ನನ್ನದು. ನಿಮ್ಮ ಅಂಕಿ ಬೇರೆ ಇರುತ್ತದೆ.

ರೀಡಿಂಗ್ ಬರೆಯಲು ಬೇರೆ ಪುಸ್ತಕ ಹಿಡಿಯಲಿಲ್ಲ. ಆಫೀಸಿನ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲೇ, ರಿಟರ್ನಿನ ತಾರೀಖಿಗೆ ಹಾಕಿದ ಕೆಂಪು ವೃತ್ತದ ಪಕ್ಕದಲ್ಲೇ ಬರೆದೆ. ಹಾಗೆ ಮಾಡಿದ್ದಕ್ಕೇ ಒಂದು ವಿಷಯ ಕಣ್ಣಿಗೆ ಬಿತ್ತು. ರೀಡಿಂಗ್ ಇಳಿಯಲು ಶುರುವಾಗುವುದು 20ಕ್ಕಲ್ಲ, 16, 17ಕ್ಕೇ. ಆ ದಿನಗಳಲ್ಲಿ ನಾನು ಮನೆಗೆ ಹೋಗುವುದು ರಾತ್ರಿ ಹನ್ನೊಂದಕ್ಕೆ. ಊಟ ಮಾಡಿ ಹಾಗೇ ಬಿದ್ದುಕೊಂಡರೆ ನಾಳದ ಊತ ಇಳಿಸಲು ದಿನಾ ತಗೊಳ್ಳುವ ರಾತ್ರಿಯ ಸ್ಟೀರಾಯ್ಡ್ ಇನ್‌ಹೇಲರ್ ತಪ್ಪಿತು. ಬಿಲ್ಲು ಹುಡುಕಲು ಹಳೇ ಫೈಲು ಇಳಿಸಿದರೆ ಧೂಳು. ನಿದ್ದೆ ಐದು ತಾಸು. ಹೊತ್ತಲ್ಲದ ಹೊತ್ತಿನ ಊಟಕ್ಕೆ ಹುಳಿತೇಗು. ಹಾಗಾಗಿ 20ಕ್ಕೆ ಎದೆ ಬಿಗಿದಾಗ ಚಿಂತೆಯ ಪಾಲು ಎಷ್ಟು, ತಪ್ಪಿದ ಪಫ್‌ಗಳ ಪಾಲು ಎಷ್ಟು ಅಂತ ಬಿಡಿಸಿ ನೋಡಲು ಬಂತು. ಚಿಂತೆಯನ್ನು ಒಂದೇ ದಿನಕ್ಕೆ ಬಿಡುವುದು ಯಾರಿಗೂ ಆಗದ ಮಾತು. ಇನ್‌ಹೇಲರನ್ನು ಟೂತ್‌ಬ್ರಶ್ ಪಕ್ಕದಲ್ಲಿ ಇಡುವುದು ಆಗುತ್ತದೆ. ಎಳೆದ ಮೇಲೆ ಹೇಗೂ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಹುಣ್ಣು ಬರುತ್ತದೆ. ಹಾಗಾಗಿ ಎರಡೂ ಒಂದೇ ಕಡೆ ಆಯ್ತು.

ನೀಲಿ ಪಂಪಿನ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಎಷ್ಟೋ ಜನ ಅದೊಂದನ್ನೇ ಜೇಬಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ನಡೆಸುತ್ತಾರೆ. ಅದು ಬಿಗಿದ ಸ್ನಾಯುವನ್ನು ಸಡಿಲ ಮಾಡುತ್ತದೆ, ಒಳಗಿನ ಊತವನ್ನು ಇಳಿಸುವುದಿಲ್ಲ. ಅದೊಂದನ್ನೇ ನೆಚ್ಚಿಕೊಳ್ಳಬಾರದು ಅಂತ ಅಸ್ತಮಾದ ಜಾಗತಿಕ ಮಾರ್ಗಸೂಚಿ 2019ರಿಂದಲೇ ಹೇಳುತ್ತಿದೆ. ದಿನಾ ತಗೊಳ್ಳುವ ಇನ್‌ಹೇಲರ್ ಸರಿಯಾಗಿ ನಡೆದರೆ ನೀಲಿಯ ಅಗತ್ಯ ತಾನೇ ಕಡಿಮೆಯಾಗುತ್ತದೆ. ಅದರ ಜೊತೆಗೆ ಕೈನಡುಕವೂ, ನಡುಕದ ಗಾಬರಿಯೂ.

ಈಗ ಬಿಗಿತ ಶುರುವಾದರೆ ನಾನು ಮಾಡುವುದು ಇಷ್ಟು. ಕುರ್ಚಿಯಿಂದ ಎದ್ದು ಕಿಟಕಿ ಹತ್ತಿರ ಹೋಗುತ್ತೇನೆ. ಹೆಗಲು ಕಿವಿಯ ತನಕ ಏರಿರುತ್ತದೆ, ಇಳಿಸುತ್ತೇನೆ. ಮೀಟರ್ ಊದುತ್ತೇನೆ. 450 ಬಂದು, ಸುಂಯ್‌ಸುಂಯ್ ಇಲ್ಲದೆ, ಕೆಮ್ಮಿಲ್ಲದೆ, ಬೆರಳ ತುದಿ ಮತ್ತು ತುಟಿ ಸುತ್ತ ಜುಮ್ ಅನ್ನುತ್ತಿದ್ದರೆ ಅದು ಬಹಳ ಮಟ್ಟಿಗೆ ಗಾಬರಿ. ಜೋರಾಗಿ ಉಸಿರಾಡಿ ಮೈಯಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದದ್ದಕ್ಕೆ ಆ ಜುಮ್. ಆಗ ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಬಿಸಿ ಚಹಾ ಆರಿಸುವ ಹಾಗೆ ತುಟಿ ಮುದುಡಿ ನಾಲ್ಕು ಎಣಿಸುವಷ್ಟು ಹೊತ್ತು ಹೊರಗೆ. ನಿಜವಾದ ದಮ್ಮಿನಲ್ಲೂ ಇದು ಸಹಾಯಕ್ಕೆ ಬರುತ್ತದೆ. ದಮ್ಮಿನಲ್ಲಿ ಕಷ್ಟ ಆಗುವುದು ಮುಖ್ಯವಾಗಿ ಉಸಿರು ಬಿಡುವಾಗ. ಹಳೇ ಗಾಳಿ ಒಳಗೇ ಸಿಕ್ಕಿಬಿದ್ದಿರುತ್ತದೆ. ಅವಸರ ಮಾಡಿದಷ್ಟೂ ಇನ್ನೂ ಸಿಕ್ಕಿಕೊಳ್ಳುತ್ತದೆ.

ರೀಡಿಂಗ್ ಹಳದಿಗೆ ಇಳಿದಿದ್ದರೆ, ಅಥವಾ ನನಗೇ ಅನುಮಾನ ಇದ್ದರೆ, ಯೋಚನೆ ಮಾಡುತ್ತ ಕೂರುವುದಿಲ್ಲ. ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವಿನ ಕೊಳವೆ, ಹಾಕಿ ಪಂಪು. ಗಾಬರಿಯಲ್ಲಿ ಸರಿಯಾಗಿ ಊದಲು ಬರದೆ ಅಂಕಿ ತಪ್ಪೂ ಬರಬಹುದು. ಹಾಗಾಗಿ ಮೀಟರನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ. ಗಾಬರಿಗೆ ಒಂದು ಪಫ್ ದಂಡವಾದರೆ ಹೋಗಲಿ. ದಮ್ಮನ್ನು ಗಾಬರಿ ಅಂದುಕೊಂಡು ಬಿಟ್ಟರೆ ಜೀವಕ್ಕೇ ಬರುತ್ತದೆ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿ ತಿರುಗಿದರೆ, ಪಂಪು ಹೊಡೆದರೂ ತಗ್ಗದಿದ್ದರೆ, ಮೀಟರ್ ಕೆಂಪು ತೋರಿಸಿದರೆ ತಕ್ಷಣ 108. ಹುಡುಗರಿಬ್ಬರಿಗೂ ಇದನ್ನು ಬಾಯಿಪಾಠ ಮಾಡಿಸಿದ್ದೇನೆ. ಗಾಬರಿ ಆದವರ ಬಾಯಿಗೆ ಕಾಗದದ ಚೀಲ ಹಿಡಿಯುವ ಪದ್ಧತಿ ಒಂದಿದೆಯಲ್ಲ, ಅದು ದಮ್ಮಿದ್ದವರಿಗೆ ಬೇಡವೇ ಬೇಡ. ಆಮ್ಲಜನಕ ಇನ್ನೂ ಇಳಿಯುತ್ತದೆ.

ಒಮ್ಮೆ ಗೆಳೆಯನೊಬ್ಬ, ಭಾಷಣಕ್ಕೆ ಮೊದಲು ತಾನು ನುಂಗುವ ಮಾತ್ರೆಯ ಹೆಸರು ಬರೆದುಕೊಟ್ಟ. "ಎದಿ ಡವಡವ ಒಮ್ಮೆಲೆ ನಿಲ್ತದ ನೋಡು." ಔಷಧಿ ಅಂಗಡಿಯವರು ನನ್ನ ಹಳೇ ಗಿರಾಕಿತನ ನೆನಪಿಟ್ಟು, "ನಿಮಗ ದಮ್ಮು ಐತಲ್ರೀ, ಇದನ್ನ ಕೊಡಂಗಿಲ್ಲ" ಅಂದರು. ಅದು ಪ್ರೊಪ್ರನೊಲಾಲ್. ಗಾಬರಿಯ ನಡುಕಕ್ಕೆ ಕೊಡುವುದು ನಿಜ, ಆದರೆ ಅಸ್ತಮಾ ಇದ್ದವರಿಗೆ ಶ್ವಾಸನಾಳವನ್ನೇ ಬಿಗಿದು ಅಪಾಯ ತರುತ್ತದೆ. ನೀಲಿ ಪಂಪು ಕೆಲಸ ಮಾಡುವ ದಾರಿಯನ್ನೂ ಅದು ಮುಚ್ಚುತ್ತದೆ. ಚಿಂತೆಗೆ ಯಾರೇ ಮಾತ್ರೆ ಬರೆಯಲಿ, ದಮ್ಮಿದೆ ಅಂತ ಮೊದಲು ಬಾಯಿಬಿಟ್ಟು ಹೇಳಿ.

ಪ್ರಾಣಾಯಾಮ? ಮಾಡುತ್ತೇನೆ, ಆದರೆ ಆರಿಸಿಕೊಂಡು. ಶಿಬಿರವೊಂದರಲ್ಲಿ ಕಪಾಲಭಾತಿ, ಭಸ್ತ್ರಿಕಾ ಜೋರಾಗಿ ಮಾಡಿಸಿದರು, ಕೆಮ್ಮು ಹತ್ತಿತು. ನನಗೆ ಹಿಡಿಸಿದ್ದು ಭ್ರಾಮರಿ. ಗುಂಯ್ ಅಂತ ಉಸಿರು ನಿಧಾನಕ್ಕೆ ಹೊರಗೆ ಹೋಗುತ್ತದೆ, ಎಣಿಸುವ ಕೆಲಸವೂ ಇಲ್ಲ. ಬೆಂಗಳೂರಿನಲ್ಲಿ ನಾಗರತ್ನ ಮತ್ತು ನಾಗೇಂದ್ರ ಅವರು 53 ಅಸ್ತಮಾ ರೋಗಿಗಳಿಗೆ ಯೋಗ ಕಲಿಸಿ, ಕಲಿಯದ ಅಷ್ಟೇ ಜನರ ಜೊತೆ ಹೋಲಿಸಿ ನೋಡಿದ್ದರು. 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಅಚ್ಚಾಯಿತು. ಯೋಗ ಕಲಿತವರಿಗೆ ದಮ್ಮು ಏಳುವುದು ಕಡಿಮೆಯಾಗಿತ್ತು, ಪೀಕ್ ಫ್ಲೋ ಏರಿತ್ತು. ಇದನ್ನು ಓದಿ ಇನ್‌ಹೇಲರ್ ಎಸೆಯಬೇಡಿ, ಅಷ್ಟೇ.

ಇದಾದ ಮೇಲೂ ಒಂದು ಉಳಿದಿತ್ತು: 20 ಬರುತ್ತದೆ, ಎದೆ ಬಿಗಿಯುತ್ತದೆ ಅನ್ನುವ ಭಯವೇ. ಅದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದೆ. ಅಲ್ಲಿಗಾ ಅಂತ ಅವ್ವ ಎರಡು ದಿನ ಮಾತು ಬಿಟ್ಟಳು. ಕೌನ್ಸೆಲರ್ ಮೇಡಂ ಉಪದೇಶ ಮಾಡಲಿಲ್ಲ, ಬರೆಸಿದರು. ರಿಟರ್ನ್ ತಪ್ಪಿದರೆ ಏನಾಗುತ್ತದೆ? ಲೇಟ್ ಫೀ. ಆಮೇಲೆ? ಬಡ್ಡಿ, ಶೇಕಡಾ 18. ಆಮೇಲೆ? ಕ್ಲೈಂಟ್ ಬೈತಾರೆ. ಆಮೇಲೆ? ಅಲ್ಲಿಗೆ ನನ್ನ ಪೆನ್ನು ನಿಂತಿತು. ಯಾರಿಗೆ ಹೋಗಲು ಆಗುವುದಿಲ್ಲವೋ ಅವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ, ದುಡ್ಡಿಲ್ಲದೆ.

ಆ ಚೀಟಿ ಓದಿದ ಮೇಡಂ ಕೇಳಿದ್ದು, "ಇಷ್ಟಕ್ಕೂ ತಡ ಮಾಡೋರು ಯಾರು?" ಅಂತ. ಬಿಲ್ಲು ತಡವಾಗಿ ಕೊಡುವ ಕ್ಲೈಂಟು! ಈಗ ಬಾಗಿಲಿಗೆ ಬೋರ್ಡ್ ಹಾಕಿದ್ದೇನೆ: 15ರ ಒಳಗೆ ಬಿಲ್ಲು ಕೊಡದಿದ್ದರೆ ಲೇಟ್ ಫೀ ನಿಮ್ಮದೇ. ಇಬ್ಬರು ಬಿಟ್ಟು ಹೋದರು. ಉಳಿದವರು 14ಕ್ಕೇ ವಾಟ್ಸಾಪಿನಲ್ಲಿ ಬಿಲ್ಲಿನ ಫೋಟೋ ಸುರಿಯುತ್ತಾರೆ, ಅರ್ಧಕ್ಕರ್ಧ ಉಲ್ಟಾ ತೆಗೆದವು.