ಕೊರೋನಾ ದುಡ್ಡು ನಮ್ಮ ಸ್ಕೂಲಿಗೆ ಯಾಕೆ ಕಡಿಮೆ ಬಂತು?

ಅಮೆರಿಕದ ಡೆಟ್ರಾಯಿಟ್ ಹೊರವಲಯದಲ್ಲಿ ಮನೆ ಕೊಂಡ ಗೆಳೆಯರೊಬ್ಬರು 2021ರಲ್ಲಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸಿಟ್ಟು ತೋಡಿಕೊಂಡಿದ್ದರು. "ಸಿಟಿ ಸ್ಕೂಲುಗಳಿಗೆ ರಾಶಿ ದುಡ್ಡು, ನಮಗೆ ಚಿಲ್ಲರೆ. ನಾವೇನು ಟ್ಯಾಕ್ಸ್ ಕಟ್ಟಲ್ವಾ?" ಈಗ ಬಂದ ಹೊಸಬರೂ ಆಗಾಗ ಇದನ್ನೇ ಕೇಳುತ್ತಾರೆ.

ನಮ್ಮಲ್ಲಿ ಸರ್ಕಾರಿ ಶಾಲೆ ಅಂದರೆ ಮೇಷ್ಟ್ರ ವರ್ಗಾವಣೆಯಿಂದ ಹಿಡಿದು ಪಠ್ಯಪುಸ್ತಕದವರೆಗೆ ಎಲ್ಲಕ್ಕೂ ಬೆಂಗಳೂರಿನ ಕಡೆಗೇ ನೋಡಬೇಕು. ಅಮೆರಿಕದಲ್ಲಿ ಹಾಗಲ್ಲ. ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಅನ್ನೋದೇ ಒಂದು ಪುಟ್ಟ ಸರ್ಕಾರ. ಹೆಚ್ಚಿನ ಕಡೆ ಅದರ ಬೋರ್ಡಿಗೆ ಚುನಾವಣೆ ನಡೆಯುತ್ತದೆ, ಬಜೆಟ್ಟೂ ಅದರದ್ದೇ. ಖರ್ಚಿನಲ್ಲಿ ಫೆಡರಲ್ ಸರ್ಕಾರದ ಪಾಲು ಮಾಮೂಲಿ ವರ್ಷಗಳಲ್ಲಿ ಹತ್ತರಲ್ಲಿ ಒಂದು ಭಾಗದ ಆಸುಪಾಸು. ಉಳಿದದ್ದು ರಾಜ್ಯದ್ದು, ಊರಿನ ಆಸ್ತಿ ತೆರಿಗೆಯದ್ದು.

ಕೊರೋನಾ ಬಂದಾಗ ಮಾತ್ರ ವಾಷಿಂಗ್ಟನ್ ಕೈ ಬಿಚ್ಚಿತು. 2020ರ ಮಾರ್ಚ್‌ನಲ್ಲಿ ಸುಮಾರು 1,320 ಕೋಟಿ ಡಾಲರ್, ಅದೇ ಡಿಸೆಂಬರ್‌ನಲ್ಲಿ 5,430 ಕೋಟಿ, 2021ರ ಮಾರ್ಚ್‌ನಲ್ಲಿ ಸುಮಾರು 12,200 ಕೋಟಿ. ಮೂರಕ್ಕೂ ಸೇರಿ ಎಸ್ಸರ್ (ESSER) ಫಂಡ್ ಅಂತ ಹೆಸರು, ಅಂದರೆ ಶಾಲೆಗಳ ತುರ್ತು ನೆರವಿನ ನಿಧಿ. ದುಡ್ಡು ರಾಜ್ಯಕ್ಕೆ ಬಂದು, ಅದರಲ್ಲಿ ಕನಿಷ್ಠ 90% ಡಿಸ್ಟ್ರಿಕ್ಟ್‌ಗಳಿಗೆ ಹೋಗಬೇಕಿತ್ತು. ಹಂಚಿದ್ದು ಮಕ್ಕಳ ತಲೆ ಎಣಿಸಿ ಅಲ್ಲ, ಬಡ ಮಕ್ಕಳಿರುವ ಶಾಲೆಗಳಿಗೆ ಫೆಡರಲ್ ಸರ್ಕಾರ ಕೊಡುವ ಟೈಟಲ್ 1 ನೆರವಿನ ಲೆಕ್ಕದಲ್ಲಿ. ಅಂದರೆ ಬಡ ಮನೆಯ ಮಕ್ಕಳು ಎಲ್ಲಿ ಜಾಸ್ತಿಯೋ ಅಲ್ಲಿಗೆ ಜಾಸ್ತಿ. ಸುಮಾರು 50,000 ಮಕ್ಕಳಿರುವ ಡೆಟ್ರಾಯಿಟ್ ಡಿಸ್ಟ್ರಿಕ್ಟ್‌ಗೆ 120 ಕೋಟಿ ಡಾಲರ್‌ಗೂ ಹೆಚ್ಚು ಬಂದದ್ದು ಹೀಗೆ. ನಾವು "ಒಳ್ಳೆ ಸ್ಕೂಲ್" ಅಂತ ಹುಡುಕಿ ಮನೆ ಮಾಡುವುದು ಸಾಮಾನ್ಯವಾಗಿ ಅನುಕೂಲಸ್ಥರ ಊರುಗಳಲ್ಲಿ. ಅಲ್ಲಿಗೆ ಕಡಿಮೆ ಬಂದರೆ ದೂರುವಂಥದ್ದೇನಿದೆ, ಹೇಳಿ.

ಕ್ರೋಮ್‌ಬುಕ್, ಗಾಳಿಯಾಡುವ ವ್ಯವಸ್ಥೆ, ನರ್ಸ್, ಬೇಸಿಗೆ ತರಗತಿ, ಯಾವುದಕ್ಕೆ ಎಷ್ಟು ಅಂತ ತೀರ್ಮಾನಿಸಿದ್ದು ಡಿಸ್ಟ್ರಿಕ್ಟೇ. ಮೂರನೇ ಕಂತಿನಲ್ಲಿ ಮಾತ್ರ ಕನಿಷ್ಠ 20% ಹಣವನ್ನು ಮಕ್ಕಳ ತಪ್ಪಿಹೋದ ಕಲಿಕೆಗೇ ಇಡಬೇಕಿತ್ತು. ಖರ್ಚಿನ ಯೋಜನೆಗೆ ಜನರ ಅಭಿಪ್ರಾಯ ಕೇಳುವುದೂ ಕಡ್ಡಾಯ. ನಮ್ಮ ಬೋರ್ಡ್ ಮೀಟಿಂಗಿಗೆ ಹೋದಾಗ ಇದ್ದ ಪೋಷಕರು ಐದೇ ಜನ. ಮೈಕ್ ಮುಂದೆ ಮೂರು ನಿಮಿಷ ಕೊಡುತ್ತಾರೆ. ಕೈಯಲ್ಲಿ ಚೀಟಿ ಹಿಡಿದಿದ್ದರೂ ನನ್ನ ದನಿ ನಡುಗಿತ್ತು.

ಮನೆಗೇ ಬಂದ ದುಡ್ಡು ಬೇರೆ, ಅದು ಪಿ-ಇಬಿಟಿ. ಸ್ಕೂಲು ಮುಚ್ಚಿ ಉಚಿತ ಊಟ ತಪ್ಪಿದ್ದಕ್ಕೆ ದಿನಸಿ ಕಾರ್ಡ್. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಲ್ಲಿ ಊಟ ಎಲ್ಲರಿಗೂ ಉಚಿತ. ಹಾಗಾಗಿ ಅಲ್ಲಿ ಆದಾಯ ನೋಡದೆ ಪ್ರತಿ ಮಗುವಿಗೂ ಕಾರ್ಡ್ ಬಂತು, 2020ರಲ್ಲಿ 420 ಡಾಲರ್‌ವರೆಗೆ. ಅದೇ ನಗರದ ಕ್ವೀನ್ಸ್‌ನಲ್ಲಿರುವ ಗೆಳತಿ ಬಿಳಿ ಲಕೋಟೆ ಒಡೆದು ನೋಡಿ, ಗ್ರೀನ್ ಕಾರ್ಡಿಗೆ ತೊಂದರೆಯಾದೀತು ಅಂತ ಕತ್ತರಿಯಲ್ಲಿ ಎರಡು ತುಂಡು ಮಾಡಿ ಎಸೆದಳು. ಗ್ರೀನ್ ಕಾರ್ಡ್ ಕೇಳಿದವರು ಸರ್ಕಾರದ ನೆರವಿನ ಮೇಲೇ ಬದುಕುವವರಾದಾರೇ ಅಂತ ನೋಡುವುದಕ್ಕೆ ಪಬ್ಲಿಕ್ ಚಾರ್ಜ್ ಅಂತಾರೆ; ಪಿ-ಇಬಿಟಿಯನ್ನು ಆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸುಮ್ನೆ ಹೆದರಿದಳು, ಪಾಪ.

ಎಸ್ಸರ್‌ನ ಕೊನೆಯ ಕಂತನ್ನು ಯಾವುದಕ್ಕೆ ಅಂತ ಗೊತ್ತುಮಾಡಲು 2024ರ ಸೆಪ್ಟೆಂಬರ್ 30 ಗಡುವಾಗಿತ್ತು. ಆ ದುಡ್ಡಿನಲ್ಲಿ ಸೇರಿಸಿಕೊಂಡ ಟ್ಯೂಟರ್, ಕೌನ್ಸೆಲರ್ ಹುದ್ದೆಗಳು ಆಮೇಲೆ ಎಷ್ಟೋ ಕಡೆ ಕಷ್ಟಕ್ಕೆ ಸಿಕ್ಕಿವೆ. ನಿಮ್ಮ ಸ್ಕೂಲಿನಲ್ಲೂ ಒಬ್ಬರನ್ನು ತೆಗೆಯುತ್ತಿದ್ದಾರೆ ಅಂತ ಸುದ್ದಿ ಬಂದರೆ ಪ್ರಿನ್ಸಿಪಾಲ್ ಹತ್ತಿರ ಜಗಳಕ್ಕೆ ಹೋಗಬೇಡಿ. ಬೋರ್ಡ್ ಮೀಟಿಂಗಿಗೆ ಹೋಗಿ, ಈ ಸಂಬಳ ಇಷ್ಟು ದಿನ ಯಾವ ಖಾತೆಯಿಂದ ಹೋಗುತ್ತಿತ್ತು ಅಂತ ಕೇಳಿ.